ನಾಲ್ಕನೆಯ ಸರ್ವರ್

ತಿಪಟೂರಿನ ಒಂದು ಕೊಬ್ಬರಿ ಗೋದಾಮಿನ ಮೇಲಿನ ಕೋಣೆಯೇ ನಮ್ಮ ಆಫೀಸು. ಕೊಬ್ಬರಿಯ ಆನ್‌ಲೈನ್ ಹರಾಜಿಗೆ ಬೇಕಾದ ಸರ್ವರ್‌ಗಳನ್ನು ನಾನೂ ಸುನಂದಾಳೂ ಕ್ಲೌಡ್‌ನಲ್ಲಿ, ಎಂದರೆ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಲ್ಲಿ, ಕಟ್ಟುತ್ತಿದ್ದೆವು. ಎಷ್ಟು ಬೇಕೆಂದು ಕೋಡ್‌ನಲ್ಲಿ ಬರೆದು ಓಡಿಸಿದರೆ ಅಷ್ಟೂ ತಾವಾಗಿಯೇ ತಯಾರಾಗುತ್ತವೆ. ಆ ಮಧ್ಯಾಹ್ನ ನಾನು ಮೂರು ಎಂದು ಬರೆದಿದ್ದೆ. ನಾಲ್ಕು ಬಂದವು.

ನಾಲ್ಕನೆಯದನ್ನು ಅಳಿಸಿ ಮತ್ತೆ ಓಡಿಸಿದೆ. ಅದು ಮತ್ತೆ ಬಂತು, ಜೊತೆಗೆ ಕೊಳೆತ ಕೊಬ್ಬರಿಯ ನಾತವೂ ಬಂತು. ಕೆಳಗೆ ಗೋದಾಮು ಖಾಲಿಯಿತ್ತು. ಕೀಬೋರ್ಡಿನಿಂದ ಬೆಚ್ಚಗಿನ ಲೋಳೆ ಬೆರಳಿಗೆ ಅಂಟಿತು. ಎಷ್ಟು ಒರೆಸಿಕೊಂಡರೂ ಹೋಗಲಿಲ್ಲ. 

ಆ ಸರ್ವರ್‌ನ ಒಳಗೆ ಹೋಗಿ ನೋಡಿದರೆ ಒಂದು ಆಡಿಯೋ ಫೈಲ್ ಮಾತ್ರ ಇತ್ತು. ಹಾಕಿ ಕೇಳಿದೆವು. ಹಲ್ಲಿಲ್ಲದ ಬಾಯೊಂದು ಏನನ್ನೋ ಜಗಿಯುತ್ತಿತ್ತು. ಎಂಜಲು ಚಪ್ಪರಿಸಿ ನುಂಗಿ, ಮತ್ತೆ ಜಗಿಯುತ್ತಿತ್ತು.

ಸುನಂದಾ ಬಿಳಿಚಿಕೊಂಡಳು. "ನಮ್ಮತ್ತೆ ಹಿಂಗೇ ಕಣೇ ಜಗಿಯೋದು."

ಅವಳ ಅತ್ತೆ ಭೈರಮ್ಮ ಬಿಳಿಗೆರೆಯಲ್ಲಿ ಹಾಸಿಗೆ ಹಿಡಿದಿದ್ದರು. ಗಂಟಲಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಸುನಂದಾ ಗಂಡನಿಗೆ ಫೋನ್ ಮಾಡಿದಳು.

"ಅವ್ವ ಆಗ್ಲಿಂದ ಬರೀ ಬಾಯಿ ಆಡುಸ್ತಾವ್ಳೆ," ಎಂದ ಅವನು. "ಕಟಬಾಯಲ್ಲಿ ಎಣ್ಣೆ ಸುರೀತೈತೆ, ನಾತ ತಡಿಯಕ್ಕಾಗ್ತಿಲ್ಲ. ನಡುವೆ ಒಂದ್ಸಲ ಉಸ್ರೇ ನಿಂತೋಗಿತ್ತು ಕಣೇ, ಆಮೇಲೆ ಬಂತು."

ನಾನು ಮತ್ತೆ ಅಳಿಸಲು ಹೋದಾಗ ಸುನಂದಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಬ್ಯಾಡ ಬುಡು ಮಂಗಳಾ. ನೀ ಅಳ್ಸಿದಾಗ್ಲೇ ಅವ್ರ ಉಸ್ರು ನಿಂತಿದ್ದು. ಇರ್ಲಿ ಅದು."

ಆಮೇಲೆ ನಾನು ಆ ಆಫೀಸಿನ ಕೆಲಸವನ್ನೇ ಬಿಟ್ಟೆ. ಸರ್ವರ್ ಇನ್ನೂ ನಡೆಯುತ್ತಿದೆ. ಭೈರಮ್ಮ ಅಂದಿನಿಂದ ಒಂದು ತುತ್ತೂ ಮುಟ್ಟಿಲ್ಲ. ಮೊನ್ನೆ ನೋಡಲು ಹೋಗಿದ್ದೆ, ದಪ್ಪಗಾಗಿದ್ದಾರೆ.