ಹಾವಸೆ ಕುಡಿದ ಗಾಳಿ

"ನನ್ನ ಪಾಚಿ ತಟ್ಟೆಗಳಿಗೆ ಗೊಬ್ಬರ ಹಾಕಿದ್ದು ನೀವೇ ತಾನೇ?"

ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಗಾಜಿನಮನೆಯ ಮೇಲ್ವಿಚಾರಕ ಬೆಚ್ಚಿಬಿದ್ದ. ಇಷ್ಟು ದಿನ ದೂರದಿಂದಲೇ ನೋಡಿದ್ದ 'ಪಾಚಿ ಮೇಡಂ' ಆಡಿದ ಮೊದಲ ಮಾತು ಇದೇನಾ!

"ಇಲ್ಲ ಮೇಡಂ... ನಾನು ತಟ್ಟೆ ಮುಟ್ಟೇ ಇಲ್ಲ."

"ಮತ್ತೆ ಸಾರಜನಕ ಆಕಾಶದಿಂದ ಉದುರಿತಾ?"

ಅವಳ ಸಂಕಟವೂ ಸುಳ್ಳಲ್ಲ. ನೀರು ಸಿಗದಿದ್ದರೆ ಹಾವಸೆ, ಅಂದರೆ ಈ ಪಾಚಿ, ಒಳಗೆ ಸಕ್ಕರೆ ಕೂಡಿಟ್ಟುಕೊಂಡು ಬರ ತಾಳಿಕೊಳ್ಳುತ್ತದೆ. ಸಾರಜನಕ ಅತಿಯಾದರೆ ಆ ಶಕ್ತಿ ಕುಂದುತ್ತದೆಯೇ ಎಂಬುದೇ ಅವಳ ಸಂಶೋಧನೆ. ಆದರೆ ಸಾರಜನಕ ಸೋಕಲೇಬಾರದ ತಟ್ಟೆಗಳಲ್ಲೂ, ಸಾರಜನಕ ಹೆಚ್ಚಾದಾಗ ಕೂಡುವ ಅಮೈನೋ ಆಮ್ಲ ತುಂಬಿಕೊಂಡಿತ್ತು! ಇನ್ನೊಮ್ಮೆ ಹೀಗಾದರೆ ಎಲ್ಲ ನಿಲ್ಲಿಸಿಬಿಡಿ ಎಂದು ಗೈಡ್ ಹೇಳಿಯಾಗಿತ್ತು.

ಕೋಪದಲ್ಲಿ ದೂರು ಕೊಟ್ಟಳು. ಅವನನ್ನು ಗೋದಾಮಿಗೆ ಹಾಕಿದರು.

ಹೊಸ ತಟ್ಟೆಗಳು ಸರಿಯಾಗಿ ಬಂದವು. ಅಂದರೆ ತಪ್ಪು ಅವನದೇ! ಖುಷಿಯಾಗಬೇಕಿತ್ತು... ಆಗಲಿಲ್ಲ. ಗಾಜೆಲ್ಲ ಮಂಕಾಗಿತ್ತು. ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಣ್ಣು ಬಾಗಿಲ ಕಡೆಗೇ ಓಡುತ್ತಿತ್ತು. ಸುಳ್ಳು ಹೇಳೋರ ಮುಖ ಹಾಗಿರುತ್ತಾ?

"ಪಾಚಿಗಿಂತ ಅವನ ಸುದ್ದೀನೇ ಜಾಸ್ತಿ ಆಯ್ತಲ್ಲೇ!" ಮನೆಯಲ್ಲಿ ಕನ್ನಡಿ ಒರೆಸುತ್ತಾ ಅಕ್ಕ ಕಿಚಾಯಿಸಿದಳು.

"ಸುಮ್ನಿರೇ ಅಕ್ಕ..."

ಅಷ್ಟರಲ್ಲಿ ಘಾಟು ಮೂಗಿಗೆ ಬಡಿಯಿತು. ಈ ವಾಸನೆ... ಅವನಿದ್ದಾಗ ದಿನಾ ಬೆಳಗ್ಗೆ ಗಾಜಿನಮನೆ ಬಾಗಿಲು ತೆರೆದರೆ ಬರುತ್ತಿದ್ದದ್ದು! ಅಕ್ಕನ ಕೈಯಿಂದ ಗಾಜು ಒರೆಸುವ ದ್ರಾವಣದ ಬಾಟಲಿ ಕಿತ್ತುಕೊಂಡು ಓದಿದಳು. ಅಮೋನಿಯಾ!

ಅಯ್ಯೋ ದೇವರೇ! ಅಮೋನಿಯಾದಲ್ಲಿರುವುದು ಸಾರಜನಕವೇ. ಹಾವಸೆಗೆ ಬೇರಿಲ್ಲ, ಗಾಳಿಯಲ್ಲಿ ಬಂದದ್ದನ್ನು ಮೈಯಿಂದಲೇ ಹೀರುತ್ತದೆ. ಅವನು ತಟ್ಟೆ ಮುಟ್ಟಿರಲೇ ಇಲ್ಲ. ಗಾಜು ಒರೆಸಿದ್ದ, ಅಷ್ಟೇ!

ಮರುದಿನ ಗೈಡ್‌ಗೆ ನಿಜ ಹೇಳಿ, ದೂರು ಹಿಂತೆಗೆದುಕೊಂಡು, ನೇರ ಗೋದಾಮಿಗೆ ಓಡಿದಳು.

"ತಪ್ಪು ನಂದು. ಕ್ಷಮಿಸಿಬಿಡಿ..." ಏದುಸಿರು ಬಿಡುತ್ತಲೇ ಎಲ್ಲ ವಿವರಿಸಿದಳು.

ಅವನ ಮುಖ ಬಿಳಿಚಿತು. "ಅಂದ್ರೆ... ನಿಮ್ಮ ಕೆಲಸ ಹಾಳು ಮಾಡಿದ್ದು ನಾನೇನಾ?"

"ಗೊತ್ತಿದ್ದು ಮಾಡಿದ್ದಲ್ವಲ್ಲ. ಆದ್ರೆ ದಿನಾ ಯಾಕೆ ಒರೆಸ್ತಿದ್ರಿ? ವಾರಕ್ಕೊಂದ್ಸಲ ಸಾಕಿತ್ತಲ್ಲ?"

ಅವನು ನೆಲ ನೋಡಿದ. "ಗಾಜು ಮಂಕಾದ್ರೆ ಹೊರಗಿಂದ ನೀವು ಕಾಣಿಸ್ತಿರ್ಲಿಲ್ಲ..."

ಅವಳ ಕಣ್ಣು ತುಂಬಿ ಬಂತು.

"ನೀವಿಲ್ದೆ ನಂಗೂ ಅಲ್ಲಿ ಇರೋಕಾಗ್ತಿಲ್ಲ. ವಾಪಸ್ ಬನ್ನಿ... ಆದ್ರೆ ಬರೀ ನೀರಲ್ಲಿ ಒರೆಸ್ಬೇಕು, ಆಯ್ತಾ?"

"ಬರೀ ನೀರಲ್ಲಿ ಒರೆಸಿದ್ರೆ ಅಷ್ಟು ಚೆನ್ನಾಗಿ ಕಾಣ್ಸಲ್ಲ ಮೇಡಂ."

"ಕಾಣಿಸ್ದಿದ್ರೆ ಒಳಗೇ ಬನ್ನಿ!"