ಎರಡು ದನಿಯ ಮೈಥಿಲಿ

ದಿವಾಕರ ಮೈಥಿಲಿಗೆ ಹೇಳಿದ ಮೊದಲ ಮಾತು, "ಮೇಡಂ, ಮಿಕ್ಸರ್ ಮುಟ್ಟಬೇಡಿ."

ಸಿಂಗಪುರದ ಪಾಯಾ ಲೆಬಾರ್‌ನಲ್ಲಿ, ರಾಜ್ಯೋತ್ಸವದ ರಿಹರ್ಸಲ್ ರೂಮಿನಲ್ಲಿ ಸ್ಪೀಕರ್ ಕಿರುಚುತ್ತಿತ್ತು. ಕನ್ನಡ ಬಳಗದ ಮಕ್ಕಳು ಕಿವಿ ಮುಚ್ಚಿಕೊಂಡು ನಿಂತಿದ್ದರು. ಅವರಿಗೆ ಹಾಡು ಹೇಳಿಕೊಡಲು ಬಂದಿದ್ದ ಮೈಥಿಲಿ ಅವನ ಮಾತು ಕೇಳಿಸದವಳಂತೆ ಎರಡು ಗುಂಡಿ ತಿರುಗಿಸಿ, ಮೈಕನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಳು. ಕಿರುಚಾಟ ನಿಂತಿತು.

"ಈಗ ಮುಟ್ಟಲ್ಲ," ಎಂದು ಕೈ ತೆಗೆದಳು.

ದಿವಾಕರ ನಕ್ಕುಬಿಟ್ಟ. ಅವನು ಮೈಸೂರಿನವನು, ರೈಲು ಸಿಗ್ನಲ್‌ಗಳ ಇಂಜಿನಿಯರ್. ಸಿಂಗಪುರಕ್ಕೆ ಬಂದು ಹನ್ನೆರಡು ವರ್ಷ, ವಿಚ್ಛೇದನವಾಗಿ ಐದು. ಇಂಜಿನಿಯರ್ ಎಂಬ ಒಂದೇ ಕಾರಣಕ್ಕೆ ಬಳಗದವರು ಸೌಂಡ್ ಸಿಸ್ಟಮ್ಮನ್ನು ಅವನ ತಲೆಗೆ ಕಟ್ಟಿದ್ದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದ. ಹೀಗೇ, ಊರಲ್ಲಿ, ಎಂದು ಅವಳು ಮಾತು ತೇಲಿಸಿದಳು.

ಊರಲ್ಲಿ ಅವಳು ಆರ್ಕೆಸ್ಟ್ರಾ ಹಾಡುಗಾರ್ತಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹದಿನಾಲ್ಕು ವರ್ಷ ಹಾಡಿದ್ದಳು. ಒಂದು ಗಣೇಶನ ಹಬ್ಬದಲ್ಲಿ ಜೊತೆಗಾರನ ಗಂಟಲು ಕಟ್ಟಿದಾಗ ಅವನ ಸಾಲುಗಳನ್ನೂ ತಾನೇ ಗಂಡುದನಿಯಲ್ಲಿ ಹಾಡಿಬಿಟ್ಟಳು. ಮರುವಾರದಿಂದಲೇ ತಂಡದ ಯಜಮಾನ ಜಗದೀಶ ಪೋಸ್ಟರಿನಲ್ಲಿ 'ಎರಡು ದನಿಯ ಮೈಥಿಲಿ' ಎಂದು ದಪ್ಪಕ್ಷರದಲ್ಲಿ ಹಾಕಿಸಿದ.

ಆಮೇಲೊಂದು ನಿಶ್ಚಿತಾರ್ಥವಾಯಿತು. ಇನ್ನು ಮುಂದೆ ಸ್ಟೇಜ್ ಹತ್ತುವುದಿಲ್ಲ ಎಂದು ಮಾತು ಕೊಡಲಿ ಎಂದರು ಹುಡುಗನ ಕಡೆಯವರು. ಮೈಥಿಲಿ ಉಂಗುರ ಬಿಚ್ಚಿ ಕೊಟ್ಟಳು. ಕೊಟ್ಟದ್ದಕ್ಕೆ ಎಂದೂ ಮರುಗಲಿಲ್ಲ. ಆದರೆ ಆರ್ಕೆಸ್ಟ್ರಾದವಳು ಎಂದಾಗ ಜನರ ತುಟಿಯಲ್ಲಿ ಮೂಡುವ ಆ ಓರೆನಗೆ ಸಾಕಾಗಿಹೋಗಿತ್ತು. ಸಿಂಗಪುರದ ಸೆರಂಗೂನ್‌ನ ಸಣ್ಣ ಸಂಗೀತ ಶಾಲೆಯಲ್ಲಿ ಹಾಡಿನ ಟೀಚರ್ ಕೆಲಸ ಸಿಕ್ಕಾಗ, ಮೂವತ್ತೈದನೆಯ ವಯಸ್ಸಿನಲ್ಲಿ, ಯಾರೂ ತನ್ನನ್ನು ಅರಿಯದ ಊರಿಗೆ ಹೊರಟು ಬಂದಿದ್ದಳು.

ಶನಿವಾರದ ರಿಹರ್ಸಲ್ ಮುಗಿದ ಮೇಲೆ ಇಬ್ಬರೂ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕಾಫಿಗೆ ಕೂರುವುದು ರೂಢಿಯಾಯಿತು. ಅವನು ಚಮಚ ಆಡಿಸುತ್ತಾ ಕದ್ದು ನೋಡುತ್ತಿದ್ದ. ಅವಳು ಕಣ್ಣೆತ್ತಿದರೆ ಲೋಟದೊಳಗೆ ಏನೋ ಬಿದ್ದಿರುವಂತೆ ತಲೆ ತಗ್ಗಿಸುತ್ತಿದ್ದ. ಮಾತು ಕೇಳುವಾಗ ಅವಳ ತಲೆ ಒಂದಿಷ್ಟು ಎಡಕ್ಕೆ ವಾಲುತ್ತಿತ್ತು, ತೋರುಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು.

"ಬೆರಳು ನಿಂತ್ರೆ ನನ್ನ ಮಾತು ಬೋರ್ ಆಗಿದೆ ಅಂತ, ಅಲ್ವಾ?" ಎಂದ ಒಂದು ಶನಿವಾರ.

"ಕಂಡುಹಿಡಿಯೋಕೆ ಆರು ವಾರ ಬೇಕಾಯ್ತು ನಿಮಗೆ."

ಆ ದಿನ ಅವನು ಲಿಟಲ್ ಇಂಡಿಯಾದಲ್ಲಿ ಒಂದು ಮೊಳ ಮಲ್ಲಿಗೆ ಕೊಂಡ. ಕೊಡುವ ಧೈರ್ಯ ಸಾಲದೆ ಸ್ಟೇಷನ್ನಿನವರೆಗೂ ಕೈಯಲ್ಲೇ ಹಿಡಿದು ನಡೆದ. ಕೊನೆಗೆ ಅವಳೇ ಕೈಚಾಚಿ ತೆಗೆದುಕೊಂಡು ಮುಡಿದಳು.

ಅಕ್ಟೋಬರ್ ಕೊನೆಯ ವಾರ ಬಳಗದ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಟ್ರ್ಯಾಕ್ಟರ್ ಟ್ರೇಲರಿನ ಮೇಲಿನ ಸ್ಟೇಜು, ಮಿಂಚುವ ಕೆಂಪು ಲಂಗ, ಕುಣಿಯುತ್ತಾ ಗಂಡುದನಿಯಲ್ಲಿ ಹಾಡುತ್ತಿರುವ ಹೆಣ್ಣು, ಸುತ್ತ ಶಿಳ್ಳೆ. ಕೆಳಗೆ ಯಾರೋ, ಇವರು ನಮ್ಮ ಮಕ್ಕಳ ಟೀಚರ್ ಅಲ್ವಾ, ಎಂದು ಕೇಳಿದ್ದರು. ಹತ್ತು ನಿಮಿಷದಲ್ಲಿ ದಿವಾಕರನ ಉತ್ತರ ಬಂತು. ಇದು ಅವರಲ್ಲ, ಬೇರೆ ಯಾರೋ, ದಯವಿಟ್ಟು ಡಿಲೀಟ್ ಮಾಡಿ ಎಂದಿದ್ದ. ಅಲ್ಲಿಗೆ ಎಲ್ಲ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಅವನು ಅವಳ ಬ್ಲಾಕಿನ ಕೆಳಗಿನ ತೆರೆದ ಜಾಗಕ್ಕೆ, ವಾಯ್ಡ್ ಡೆಕ್ಕಿಗೆ ಬಂದ. ಮುಖದಲ್ಲಿ ಉಪಕಾರ ಮಾಡಿದವನ ಸಮಾಧಾನವಿತ್ತು.

"ಅದು ನಾನೇ ಅಂತ ನಿಮಗೆ ಗೊತ್ತಾಗ್ಲಿಲ್ವಾ?" ಎಂದಳು ಮೈಥಿಲಿ.

"ನೋಡಿದ ತಕ್ಷಣ ಗೊತ್ತಾಯ್ತು. ಜನ ನೂರು ಮಾತಾಡ್ತಾರೆ. ನಿಮ್ಮನ್ನ ಪ್ರೊಟೆಕ್ಟ್ ಮಾಡೋಣ ಅಂತ..."

"ನೀವು ನನ್ನ ಉಳಿಸ್ಲಿಲ್ಲ ದಿವಾಕರ್. ಅಳಿಸಿದ್ರಿ."

ಅವಳು ಲಿಫ್ಟ್ ಹತ್ತಿದಳು. ಏಳನೆಯ ಮಹಡಿ ಮುಟ್ಟುವಷ್ಟರಲ್ಲಿ ಸಿಟ್ಟಿನ ಅರ್ಧ ಪಾಲು ತನ್ನ ಮೇಲೇ ತಿರುಗಿತ್ತು. ನಾಲ್ಕು ತಿಂಗಳಿಂದ ತಾನೂ ಅದನ್ನೇ ಮಾಡಿಕೊಂಡು ಬಂದಿದ್ದಳಲ್ಲ.

ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಗ್ರೂಪಿಗೆ ಬರೆದಳು: "ಆ ವಿಡಿಯೋದಲ್ಲಿ ಇರೋದು ನಾನೇ. ಮದ್ದೂರಿನ ಹತ್ತಿರ, ಮೂರು ಸಾವಿರ ಜನರ ಮುಂದೆ ಹಾಡಿದ್ದು. ರಾಜ್ಯೋತ್ಸವದಲ್ಲಿ ಹತ್ತು ನಿಮಿಷ ಕೊಟ್ಟರೆ ಇಲ್ಲೂ ಹಾಡ್ತೀನಿ."

ಎರಡು ಮನೆಯವರು ಮಕ್ಕಳನ್ನು ಅವಳ ಕ್ಲಾಸಿನಿಂದ ಬಿಡಿಸಿದರು. ಬಳಗದ ಅಧ್ಯಕ್ಷ ವೆಂಕಟೇಶಮೂರ್ತಿ ಅಂಕಲ್ ಫೋನ್ ಮಾಡಿ, ಹಾಡಿ, ಆದರೆ ಸುಗಮ ಸಂಗೀತದ ವಿದುಷಿ ಎಂದು ಪರಿಚಯಿಸೋಣ ಎಂದರು. ಹಾಗಾದರೆ ಆ ಹತ್ತು ನಿಮಿಷ ಬೇಡ ಎಂದಳು. ನಿಮ್ಮಿಷ್ಟ ಎಂದು ಅವರು ಒಪ್ಪಿದರು. ಗ್ರೂಪಿನಲ್ಲಿ ಅವಳ ಸಾಲಿನ ಕೆಳಗೆ ದಿವಾಕರ ಬರೆದಿದ್ದ: "ನಿನ್ನೆ ನಾನು ಸುಳ್ಳು ಹೇಳಿದೆ. ಎಲ್ಲರ ಮುಂದೆ ಹೇಳಿದ್ದರಿಂದ ಎಲ್ಲರ ಮುಂದೆಯೇ ಮೈಥಿಲಿಯವರ ಕ್ಷಮೆ ಕೇಳ್ತೀನಿ." ಅದನ್ನು ಅವಳು ಮೂರು ಸಲ ಓದಿದಳು. ಉತ್ತರ ಬರೆಯಲಿಲ್ಲ. ಮುಂದಿನ ಎರಡು ರಿಹರ್ಸಲ್‌ಗಳಲ್ಲಿ ಅವರ ನಡುವೆ ಮೈಕ್ ಚೆಕ್ ಬಿಟ್ಟು ಬೇರೆ ಮಾತಿರಲಿಲ್ಲ.

ನವೆಂಬರಿನ ಭಾನುವಾರ ಮಧ್ಯಾಹ್ನ ಶಾಲೆಯೊಂದರ ಹಾಲ್ ತುಂಬಿತ್ತು. ಮೈಥಿಲಿ ಕೆಂಪು ರೇಷ್ಮೆಯುಟ್ಟು ಬಂದು, ಪರಿಚಯಕ್ಕೆ ಕಾಯದೆ ಮೈಕ್ ಹಿಡಿದಳು.

"ನಾನು ಮೈಥಿಲಿ. ಹದಿನಾಲ್ಕು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿದೀನಿ. ಹಾಡೋಕೆ ಕಲಿತಿದ್ದೂ ಅಲ್ಲೇ."

ಹಳೆಯ ಯುಗಳಗೀತೆಯೊಂದನ್ನು ಎತ್ತಿಕೊಂಡಳು. ಎರಡನೆಯ ಸಾಲಿಗೆ ಎದೆಯಾಳದಿಂದ ಗಂಡುದನಿ ಎದ್ದಾಗ, ಹಾಡುವ ಗಂಡಸು ಎಲ್ಲಿದ್ದಾನೆಂದು ಜನ ಕತ್ತು ಹೊರಳಿಸಿದರು. ಆಮೇಲೆ ನಗು, ಚಪ್ಪಾಳೆ. ಚರಣದ ಕೊನೆಯಲ್ಲಿ ಬ್ಯಾಂಕಿನ ಗಂಭೀರ ಮನುಷ್ಯ ಶಿವರಾಮ್ ಅಂಕಲ್ ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹೊಡೆದೇಬಿಟ್ಟರು. ಹಿಂದೆ ಎಷ್ಟೋ ಶಿಳ್ಳೆ ಕೇಳಿದ್ದಳು. ಈ ಶಿಳ್ಳೆಗೆ ಅವಳ ಬೆನ್ನು ಇನ್ನಷ್ಟು ನೆಟ್ಟಗಾಯಿತು. ಹಾಲಿನ ಆ ತುದಿಯಲ್ಲಿ ಮಿಕ್ಸರಿನ ಹಿಂದೆ ದಿವಾಕರ ನಿಂತಿದ್ದ. ಅವಳು ಹೆಣ್ಣುದನಿಗೆ ಹೊರಳುವ ಪ್ರತಿ ಸಲವೂ ಗುಂಡಿಯ ಮೇಲೆ ಅವನ ಬೆರಳು ಕೂದಲೆಳೆಯಷ್ಟು ಸರಿಯುತ್ತಿತ್ತು. ಒಂದು ಅಕ್ಷರವೂ ಒಡೆಯಲಿಲ್ಲ.

ಹಾಡು ಮುಗಿದ ಮೇಲೆ ಮಗಳನ್ನು ಬಿಡಿಸಿದ್ದ ಅನಘಾ ಬಂದು, ಮಂಗಳವಾರದಿಂದ ಮತ್ತೆ ಕಳಿಸ್ತೀನಿ ಎಂದಳು. ಇನ್ನೊಂದು ಮನೆಯವರು ಮುಖ ತಿರುಗಿಸಿಕೊಂಡು ಹೋದರು. ಹೋಗಲಿ ಎಂದುಕೊಂಡಳು ಮೈಥಿಲಿ.

ಹಾಲ್ ಖಾಲಿಯಾದಾಗ ದಿವಾಕರ ಕೇಬಲ್ ಸುತ್ತುತ್ತಿದ್ದ. ಅವಳು ಹತ್ತಿರ ಬಂದು ನಿಂತಳು.

"ನನಗೆ ನೀವು ಬೇಕು, ಮೈಥಿಲಿ," ಎಂದ ತಲೆಯೆತ್ತದೆ. "ಇಷ್ಟು ದಿನ ಹೇಳೋಕೆ ಮುಖ ಇರ್ಲಿಲ್ಲ."

"ನಿಮ್ಮ ಅಮ್ಮನಿಗೆ ನಾನು ಯಾರು ಅಂತ ಹೇಳ್ತೀರಿ?"

ಅವನು ಕೇಬಲನ್ನು ಒಂದು ಕೈಯಲ್ಲಿ ಹಿಡಿದೇ ಮೈಸೂರಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದ. "ಅಮ್ಮಾ, ನಾನು ಮದುವೆ ಆಗ್ಬೇಕು ಅಂತಿರೋರು ಒಬ್ರಿದ್ದಾರೆ. ಮೈಥಿಲಿ ಅಂತ. ಆರ್ಕೆಸ್ಟ್ರಾ ಹಾಡುಗಾರ್ತಿ. ಅವರಿನ್ನೂ ಒಪ್ಪಿಲ್ಲ."

ಆ ಕಡೆಯಿಂದ, "ಅವಳ ಕೈಗೆ ಕೊಡು," ಎಂಬ ದನಿ.

ಮೈಥಿಲಿ ಫೋನ್ ತೆಗೆದುಕೊಂಡಳು.

"ಯಾಕಮ್ಮಾ ಇವನನ್ನ ಒಪ್ಪಿಲ್ಲ?"

"ಒಂದು ಸಲ ಸುಳ್ಳು ಹೇಳಿದ್ರು ಅಮ್ಮ."

"ಈಗ?"

ಮೈಥಿಲಿ ದಿವಾಕರನ ಮುಖ ನೋಡಿದಳು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ.

"ಈಗ ಒಪ್ಪಿದೀನಿ," ಎಂದಳು.