ಡ್ರೈವರ್ ಜಾಗದಲ್ಲಿ ರೇವಂತನ ಹೆಸರು

“ನಿಮ್ ಕಂಪ್ಯೂಟ್ರು ಗಾಡೀನೇ ಬುಡ್ತಿಲ್ಲ ಕಣ್ರೀ! ಟೊಮೇಟೊ ಕೊಳ್ತೋದ್ರೆ ನೀವ್ ತುಂಬ್ಕೊಡ್ತೀರಾ?”

ಚಾಮರಾಜನಗರದ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ನುಗ್ಗಿದವನು ರೇವಂತ್. ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಕಳಿಸುವ ಮಂಡಿಯೊಂದರ ಸೂಪರ್‌ವೈಸರ್.

ಮಂಡಿಯ ಗಾಡಿಗಳಿಗೆ ಆ ಸಾಫ್ಟ್‌ವೇರ್ ಬರೆದ ಬೃಂದಾ ತಲೆ ಎತ್ತಿದಳು. “ನಿನ್ನೆ ಗಾಡಿ ಓಡ್ಸಿದೋರು ರೆಸ್ಟ್ ತಗೊಳ್ದೆ ಇವತ್ತು ಹೋಗಂಗಿಲ್ಲ. ಆ ರೂಲ್ ಹಾಕಿದ್ದು ನಾನೇ. ಬೇರೆ ಡ್ರೈವರ್ ಕಳ್ಸಿ.”

“ಎಲ್ಲಿಂದ ತರನ ಮೇಡಂ?” ಎಂದವನೇ ಹೊರಟುಹೋದ.

ಮಧ್ಯಾಹ್ನ ಗಾಡಿ ಹೊರಟಿದ್ದನ್ನು ಪರದೆ ತೋರಿಸಿತು. ಡ್ರೈವರ್... ರೇವಂತ್!

ಮರುವಾರವೂ ದಿನ ಬಿಟ್ಟು ದಿನ ಅದೇ ಹೆಸರು. ‘ಸುಳ್ಳುಗಾರ! ದಣಿದ ಡ್ರೈವರನ್ನೇ ದುಡಿಸಿಕೊಂಡು ತನ್ನ ಹೆಸರು ಹಾಕುತ್ತಿದ್ದಾನೆ...’

ಅಮ್ಮ ತೀರಿಹೋದ ಮೇಲೆ ಬೃಂದಾಳ ಬಾಡಿಗೆ ಮನೆಯಲ್ಲಿ ಮಾತೇ ಇರಲಿಲ್ಲ. ಒಬ್ಬಳಿಗೇ ಅನ್ನ ಮಾಡಿ, ಅದನ್ನೂ ಉಣ್ಣದೆ ಮುಚ್ಚಿಡುತ್ತಿದ್ದಳು. ರೇವಂತ್ ಜಗಳಕ್ಕಾದರೂ ಬರಬಾರದೇ ಎನಿಸಿದಾಗ ತನ್ನ ಮೇಲೇ ಸಿಟ್ಟು ಬಂತು.

ಕೊನೆಗೆ ಅವಳೇ ಗುಂಡ್ಲುಪೇಟೆಯ ಬಸ್ಸು ಹತ್ತಿದಳು.

ಮಂಡಿಯಲ್ಲಿ ಮೂಟೆ ಹೊರುವ ನಂಜಯ್ಯ ಅವಳ ಮಾತು ಕೇಳಿ ನೊಂದುಕೊಂಡ. “ಸುಳ್ಳಲ್ಲ ಕಣವ್ವ. ಡ್ರೈವರ್ ಶಿವಮಲ್ಲು ಎಂಡ್ರು ಬಾಣ್ತಿ. ಅವನ್ನ ಮನೆಗ್ ಕಳ್ಸ್‌ಬುಟ್ಟು, ರೇವಂತಪ್ಪನೇ ಓಡುಸ್ತಾವ್ನೆ. ಒತ್ತಾರೆಯಿಂದ ಇಲ್ಲಿ ದುಡೀತಾನೆ, ಆಮೇಕೆ ಗಾಡಿ ಅತ್ತುತಾನೆ. ನಿದ್ದೆನೇ ಇಲ್ಲ!”



ಅವಳ ರೂಲು ಗಾಡಿಯ ಟ್ರಿಪ್ಪುಗಳನ್ನಷ್ಟೇ ನೋಡುತ್ತಿತ್ತು. ಮಂಡಿಯ ಹಾಜರಿ ಬೇರೆ ಕಡೆ ಇತ್ತು. ಎರಡೂ ಕಡೆ ದುಡಿಯುವವನು ಒಬ್ಬನೇ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ!

ಮೂಟೆಗಳ ನಡುವೆಯೇ ಲ್ಯಾಪ್‌ಟಾಪ್ ತೆರೆದು ಅವೆರಡನ್ನೂ ಜೋಡಿಸಿದಳು. ಮಾಲೀಕರಿಗೆ ಫೋನ್ ಮಾಡಿ, ಹಟ ಹಿಡಿದು ಬದಲಿ ಡ್ರೈವರ್‌ನನ್ನು ಕರೆಸಿದಳು.

ಗಾಡಿ ಹೊರಡಿಸಲು ಬಂದ ರೇವಂತ್ ಪರದೆ ನೋಡಿ ಬೆಚ್ಚಿದ.

“ಇದೇನ್ರೀ... ನನ್ನೂ ತಡ್ದ್‌ಬುಟ್ರಾ?”

“ಹೂಂ. ಮಂಡೀಲಿ ದುಡ್ದೋರು ಅವತ್ತು ಗಾಡಿ ಓಡ್ಸಂಗಿಲ್ಲ.” ಬೃಂದಾ ಲ್ಯಾಪ್‌ಟಾಪ್ ಮುಚ್ಚಿದಳು. “ನಿಮ್ಮನ್ನ ಸುಳ್ಳುಗಾರ ಅಂದ್ಕೊಂಡಿದ್ದೆ... ನಿಮಗೇನಾದ್ರೂ ಆಗಿದ್ರೆ?”

ರೇವಂತ್ ಮೆಲ್ಲಗೆ ಮೂಟೆಯ ಮೇಲೆ ಕುಳಿತ.

“ನಿದ್ದೆ ಮಾಡ್ದ್ಯಾ ಅಂತ ಇದುವರ್ಗೂ ನನ್ನ ಯಾರೂ ಕೇಳಿಲ್ಲ ಮೇಡಂ...”

“ನಾನ್ ಕೇಳ್ತೀನಿ. ದಿನಾ... ಕೇಳ್ಲಾ?”

ಅವನ ಕಣ್ಣು ತುಂಬಿ ಬಂತು.

“ಕೇಳಿ. ಆದ್ರೆ ನಾನ್ ಮೇಡಂ ಅನ್ನಕ್ಕಿಲ್ಲ ಇನ್ಮೇಲೆ.”

“ಮತ್ತೆ?”

“ಬೃಂದಾ...”

ಅಮ್ಮ ಹೋದ ಮೇಲೆ ಅವಳನ್ನು ಯಾರೂ ಅಷ್ಟು ಅಕ್ಕರೆಯಿಂದ ಕರೆದಿರಲಿಲ್ಲ.